ಕಸುಬು ಹೊತ್ತು ಬಂದವರು



ಕಾಶಿಯಾತ್ರೆ ಮಾಡಿದವರಿಗೆ ಗೋದೌಲಿಯಾ ಗೊತ್ತಿರುತ್ತದೆ. ಹೆಸರು ನೆನಪಿಲ್ಲದಿದ್ದರೂ ಜಾಗ ನೆನಪಿರುತ್ತದೆ. ದಶಾಶ್ವಮೇಧ ಘಾಟಿಗೆ ಹೋಗುವವರು, ವಿಶ್ವನಾಥನ ದರ್ಶನಕ್ಕೆ ಹೊರಟವರು, ಸೀರೆ ಕೊಳ್ಳಲು ಬಂದವರು, ಎಲ್ಲರೂ ಈ ಚೌಕದಲ್ಲಿ ಕೂಡುತ್ತಾರೆ. ಪೂರ್ವಕ್ಕೆ ಹೋದರೆ ಗಂಗೆ. ಉತ್ತರಕ್ಕೆ ಬಾಂಸ್‌ಫಾಟಕ್ ದಾಟಿ ವಿಶ್ವನಾಥನ ಗಲ್ಲಿ. ಪಶ್ಚಿಮಕ್ಕೆ ಇಗರ್ಜಿಯ ಚೌಕ, ಅದರಾಚೆ ಲಕ್ಸಾ. ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ಜಂಗಮವಾಡಿ ಮಠ, ಮುಂದೆ ನೇಕಾರರ ಮದನಪುರ.

ಈ ಚೌಕದ ಸುತ್ತ ಬಾಳಿದ ಜನರಲ್ಲಿ ಎಷ್ಟೊಂದು ಮಂದಿಯ ಹಿರಿಯರು ಬೇರೆ ಊರುಗಳಿಂದ ಬಂದವರು! ಬಂಗಾಳಿಗಳು ಬಂದು ಬಂಗಾಳಿ ಟೋಲಾ ಕಟ್ಟಿಕೊಂಡರು. ತಮಿಳುನಾಡಿನ ನಾಟ್ಟುಕೋಟ್ಟೈ ಚೆಟ್ಟಿಯಾರರು ತಮ್ಮ ಛತ್ರ ತೆರೆದರು. ಮರಾಠಿಗರು ಬಂದರು. ಇಂದೋರಿನ ಅಹಲ್ಯಾಬಾಯಿ ಹೋಳ್ಕರ್ 1780ರ ಹೊತ್ತಿಗೆ ವಿಶ್ವನಾಥನ ಗುಡಿಯನ್ನು ಮತ್ತೆ ಎತ್ತಿ ನಿಲ್ಲಿಸಿದಳು. ನಮ್ಮ ವೀರಶೈವ ಜಂಗಮರು ಬಂದು ನೆಲೆಸಿದ್ದು ಇವೆಲ್ಲಕ್ಕಿಂತ ಹಿಂದೆ. ಕಾಶಿಯ ಪೀಠವೆಂದು ಪಂಚಪೀಠಗಳಲ್ಲಿ ಎಣಿಕೆಯಾಗುವ ಜಂಗಮವಾಡಿ ಮಠದಲ್ಲಿ ಇವತ್ತಿಗೂ ಕನ್ನಡ ಕಿವಿಗೆ ಬೀಳುತ್ತದೆ.

ಇಂಥ ಚೌಕದಲ್ಲಿ ನಿಂತವರಿಗೆ ಒಂದು ಪ್ರಶ್ನೆ ಏಳದೆ ಇರದು. ಊರು ಬಿಟ್ಟು ಬಂದವನು ಏನನ್ನು ಹೊತ್ತು ತರುತ್ತಾನೆ? ಹೊಲವನ್ನು ತರಲಾರ, ಮನೆಯನ್ನು ತರಲಾರ, ಬಾವಿಯನ್ನು ತರಲಾರ. ಕೈಗೆ ಗೊತ್ತಿರುವ ಕೆಲಸವೊಂದನ್ನು ತರುತ್ತಾನೆ. ಹೊಸ ಊರಿನಲ್ಲಿ ಆ ಕೆಲಸ ಬೇರು ಬಿಟ್ಟರೆ ಊರಿಗೆ ಹೆಸರು ಬರುತ್ತದೆ. ಕೆಲಸ ತಂದವನ ಹೆಸರು ಏನಾಗುತ್ತದೆ? ಇವತ್ತು ನಾನು ಹೇಳಬೇಕೆಂದಿರುವುದು ಇದರ ಬಗ್ಗೆಯೇ. ಅದಕ್ಕಾಗಿ ನಿಮ್ಮನ್ನು ಗಂಗೆಯ ದಡದಿಂದ ಅಮೆರಿಕದ ಪೊಟೋಮ್ಯಾಕ್ ನದಿಯ ದಡಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಗೆ ವಲಸೆ ಬಂದ ಒಬ್ಬ ರೈತ ವಿಸ್ಕಿಯ ಭಟ್ಟಿಯೊಂದನ್ನು ಕಟ್ಟಿಸಿದ. ಅವನ ಹೆಸರು ಜೇಮ್ಸ್ ಆಂಡರ್ಸನ್.

ಆಂಡರ್ಸನ್ ಸ್ಕಾಟ್ಲೆಂಡಿನ ಫೈಫ್ ಪ್ರಾಂತದವನು. ಬೇಸಾಯ ಮಾಡಿದವನು, ಧಾನ್ಯದ ವ್ಯವಹಾರ ಬಲ್ಲವನು, ಧಾನ್ಯದಿಂದ ಮದ್ಯ ಇಳಿಸುವುದನ್ನು ಅಲ್ಲಿಯೇ ಕಲಿತವನು. 1790ರ ದಶಕದ ಆರಂಭದಲ್ಲಿ ಹೆಂಡತಿ ಮಕ್ಕಳೊಂದಿಗೆ ಹಡಗು ಹತ್ತಿ ಅಮೆರಿಕದ ವರ್ಜೀನಿಯಾ ರಾಜ್ಯಕ್ಕೆ ಬಂದ. ಆಗಲೇ ಐವತ್ತರ ಆಸುಪಾಸಿನ ವಯಸ್ಸು. ಆ ವಯಸ್ಸಿನಲ್ಲಿ ಸಂಸಾರ ಕಟ್ಟಿಕೊಂಡು ಸಮುದ್ರ ದಾಟುವುದು ಸುಲಭದ ಮಾತಲ್ಲ. ಕೆಲವು ವರ್ಷ ಅಲ್ಲಿಯ ಜಮೀನುಗಳನ್ನು ನೋಡಿಕೊಂಡು, 1797ರ ಜನವರಿಯಲ್ಲಿ ಮೌಂಟ್ ವರ್ನನ್ ಎಂಬ ದೊಡ್ಡ ಎಸ್ಟೇಟಿನ ಮ್ಯಾನೇಜರನಾಗಿ ಕೆಲಸಕ್ಕೆ ಸೇರಿದ. ಆ ಎಸ್ಟೇಟಿನ ಯಜಮಾನ ಜಾರ್ಜ್ ವಾಷಿಂಗ್ಟನ್. ಅಮೆರಿಕದ ಮೊದಲನೆಯ ಅಧ್ಯಕ್ಷ. ಅವನ ಅಧಿಕಾರದ ಕೊನೆಯ ತಿಂಗಳುಗಳು ಅವು. ಮಾರ್ಚಿನಲ್ಲಿ ಅಧಿಕಾರ ಬಿಟ್ಟು ಮನೆಗೆ ಮರಳುವವನಿದ್ದ.

ವಾಷಿಂಗ್ಟನ್ ಎಂದರೆ ನಮಗೆ ಕುದುರೆಯ ಮೇಲಿನ ಸೇನಾಪತಿ ನೆನಪಾಗುತ್ತಾನೆ. ಅವನು ತನ್ನನ್ನು ರೈತನೆಂದೇ ತಿಳಿದಿದ್ದ. ಮೊದಲು ತಂಬಾಕು ಬೆಳೆಯುತ್ತಿದ್ದ. ತಂಬಾಕು ನೆಲದ ಸಾರ ಹೀರುತ್ತದೆ, ಲಂಡನ್ನಿನ ದಲ್ಲಾಳಿಗಳ ಕೈಯಲ್ಲಿ ಸಾಲವನ್ನೂ ಬೆಳೆಸುತ್ತದೆ ಎಂದು ಕಂಡುಕೊಂಡು 1760ರ ದಶಕದಲ್ಲಿ ಗೋಧಿಗೆ ಹೊರಳಿದ. ಗೋಧಿ ಬೀಸಲು ಡೋಗ್ ರನ್ ಎಂಬ ಹಳ್ಳದ ನೀರಿನಿಂದ ತಿರುಗುವ ಕಲ್ಲಿನ ಗಿರಣಿ ಕಟ್ಟಿಸಿದ. 1791ರಲ್ಲಿ ಆಲಿವರ್ ಇವಾನ್ಸ್ ಎಂಬುವನು ರೂಪಿಸಿದ ಹೊಸ ಯಂತ್ರಗಳನ್ನು ಅದಕ್ಕೆ ಜೋಡಿಸಿದ. ಚೀಲ ಹೊತ್ತು ಅಟ್ಟ ಹತ್ತುವ ಕೆಲಸವನ್ನು ಆ ಯಂತ್ರಗಳು ತಾವೇ ಮಾಡುತ್ತಿದ್ದವು. ಗೋಧಿಯ ಜೊತೆಗೆ ನೆಲದ ಆರೈಕೆಗೆಂದು, ಬೆಳೆ ಬದಲಾವಣೆಯ ಸರದಿಯಲ್ಲಿ, ರೈ ಎಂಬ ಧಾನ್ಯವನ್ನೂ ಬಿತ್ತಿಸುತ್ತಿದ್ದ.

ರೈ ನಮ್ಮ ಕಡೆ ಬೆಳೆಯುವ ಧಾನ್ಯವಲ್ಲ. ಗೋಧಿ, ಬಾರ್ಲಿಗಳ ಬಳಗದ್ದು. ಕಾಳು ತೆಳ್ಳಗೆ, ಬಣ್ಣ ಬೂದು. ಹಿಮ ಬಿದ್ದರೂ ಸಾಯದು, ಬಡ ನೆಲದಲ್ಲೂ ಬರುತ್ತದೆ. ಜರ್ಮನಿ, ಸ್ವಿಟ್ಜರ್ಲೆಂಡುಗಳಿಂದ ಪೆನ್ಸಿಲ್ವೇನಿಯಾಕ್ಕೆ ಬಂದ ರೈತರಿಗೆ ಇದು ಹಳೆಯ ಪರಿಚಯದ ಬೆಳೆ. ಅವರು ಇದರ ರೊಟ್ಟಿ ಸುಟ್ಟರು, ಉಳಿದ ಧಾನ್ಯದಿಂದ ವಿಸ್ಕಿ ಇಳಿಸಿದರು. ಜಾನ್ ಶೆಂಕ್ ಎಂಬ ಸ್ವಿಸ್ ಮೆನ್ನೊನೈಟ್ ಪಂಥದ ರೈತ 1753ರಲ್ಲಿ ಶೇಫರ್ಸ್‌ಟೌನಿನ ಹತ್ತಿರ ಇಂಥ ಭಟ್ಟಿ ಹೂಡಿದನೆಂದು ಆ ಸೀಮೆಯ ಪರಂಪರೆ ನೆನೆಯುತ್ತದೆ. ಅದೇ ಪಂಥದ ಓವರ್‌ಹೋಲ್ಟ್ ಮನೆತನ 1800ರಲ್ಲಿ ಪೆನ್ಸಿಲ್ವೇನಿಯಾದ ಪಶ್ಚಿಮಕ್ಕೆ ಸರಿದು, ಮುಂದೆ ತನ್ನ ರೈ ವಿಸ್ಕಿಗೆ ಹೆಸರು ಗಳಿಸಿತು. ಅಮೆರಿಕದ ಮೊದಮೊದಲ ವಿಸ್ಕಿಯನ್ನು ಮಾಡಿದವರು ಹೀಗೆ ವಲಸೆ ಬಂದ ಒಕ್ಕಲುಮಕ್ಕಳು.

ಅವರು ವಿಸ್ಕಿ ಮಾಡಿದ್ದು ಕುಡಿಯುವ ಚಪಲಕ್ಕಷ್ಟೇ ಎಂದು ತಿಳಿಯಬಾರದು. ಬೆಟ್ಟಗಳಾಚೆಯ ರೈತನಿಗೆ ಸಂತೆ ದೂರ, ದಾರಿ ಕೆಟ್ಟದ್ದು. ಒಂದು ಹೇರುಕುದುರೆ ನಾಲ್ಕು ಬುಷೆಲ್ ಧಾನ್ಯ ಹೊರಬಲ್ಲದು. ಅದೇ ಧಾನ್ಯ ವಿಸ್ಕಿಯಾದರೆ ಇಪ್ಪತ್ತನಾಲ್ಕು ಬುಷೆಲಿನ ಸರಕು ಅದೇ ಬೆನ್ನ ಮೇಲೆ ಕೂರುತ್ತದೆ. ಕೆಡುವುದಿಲ್ಲ, ಇಲಿ ತಿನ್ನುವುದಿಲ್ಲ. ನಾಣ್ಯ ಸಿಗದ ಆ ಸೀಮೆಯಲ್ಲಿ ಕೂಲಿಗೂ ಸಾಮಾನಿಗೂ ವಿಸ್ಕಿಯನ್ನೇ ಅಳೆದು ಕೊಡುತ್ತಿದ್ದರು. ಆದ್ದರಿಂದ 1791ರ ಮಾರ್ಚಿನಲ್ಲಿ ಅಮೆರಿಕದ ಸರಕಾರ ಸ್ವಾತಂತ್ರ್ಯ ಯುದ್ಧದ ಸಾಲ ತೀರಿಸಲು ಮದ್ಯದ ಮೇಲೆ ಸುಂಕ ಹೇರಿದಾಗ, ಅದು ತಮ್ಮ ಹೊಲದ ಮೇಲೇ ಬಿದ್ದ ಏಟೆಂದು ಪೆನ್ಸಿಲ್ವೇನಿಯಾದ ಪಶ್ಚಿಮದ ರೈತರು ಸಿಟ್ಟಿಗೆದ್ದರು. 1794ರಲ್ಲಿ ಸಿಟ್ಟು ದಂಗೆಯಾಯಿತು. ವಾಷಿಂಗ್ಟನ್ ಸುಮಾರು 13,000 ಜನರ ಸೈನ್ಯ ಕೂಡಿಸಿಕೊಂಡು ತಾನೇ ಹೊರಟ. ದಂಗೆ ಅಡಗಿತು. ಸುಂಕವನ್ನು ರದ್ದು ಮಾಡಿದ್ದು 1802ರಲ್ಲಿ.

ಇದನ್ನು ಕೇಳುವಾಗ ನಮ್ಮ ನಾಡಿನ ಆಗಿನ ಸ್ಥಿತಿಯನ್ನೂ ಜೊತೆಗಿಟ್ಟು ನೋಡಬೇಕು. ಅಮೆರಿಕದಲ್ಲಿ ಸುಂಕದ ಕಾಯಿದೆಗೆ ಸಹಿ ಬಿದ್ದ ಅದೇ 1791ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕೋಟೆ ಬಿತ್ತು. ಕೋಟೆ ಹಿಡಿದವನು ಲಾರ್ಡ್ ಕಾರ್ನ್‌ವಾಲಿಸ್. ಹತ್ತು ವರ್ಷ ಮೊದಲು, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಇದೇ ಕಾರ್ನ್‌ವಾಲಿಸನ ಸೈನ್ಯ ವಾಷಿಂಗ್ಟನ್ನನಿಗೆ ಶರಣಾಗಿತ್ತು. ಅಲ್ಲಿ ಸೋತವನು ಇಲ್ಲಿ ಗವರ್ನರ್ ಜನರಲ್ ಆಗಿ ಬಂದು ಟಿಪ್ಪುವಿನ ಮೇಲೆ ಯುದ್ಧ ಮಾಡಿದ. ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದ್ದ ದೊರೆ ಟಿಪ್ಪು. ಕಂಪನಿ ಸರಕಾರವೋ ಮದ್ಯದ ಅಬಕಾರಿಯಿಂದ ಬೊಕ್ಕಸ ತುಂಬಿಸುವ ದಾರಿ ಹಿಡಿದಿತ್ತು. ಆ ಕಾರ್ನ್‌ವಾಲಿಸ್ 1805ರಲ್ಲಿ ತೀರಿಕೊಂಡದ್ದು ಗಾಜೀಪುರದಲ್ಲಿ. ಅವನ ಗೋರಿ ಅಲ್ಲೇ ಇದೆ. ಗೋದೌಲಿಯಾದಿಂದ ಗಂಗೆಯ ಹರಿವಿನ ದಿಕ್ಕಿನಲ್ಲಿ ಹೊರಟರೆ ಅರ್ಧ ದಿನದಲ್ಲಿ ನೋಡಿ ಬರಬಹುದು.

ಈಗ ಮತ್ತೆ ಆಂಡರ್ಸನ್ನನ ಹತ್ತಿರ ಬರೋಣ.

ಕೆಲಸಕ್ಕೆ ಸೇರಿದ ಕೂಡಲೇ ಅವನು ಎಸ್ಟೇಟನ್ನು ಸುತ್ತಿ ನೋಡಿದ. ರೈ ಇದೆ, ಮೆಕ್ಕೆಜೋಳ ಇದೆ. ಬೀಸುವ ಗಿರಣಿ ಇದೆ, ಬತ್ತದ ಹಳ್ಳವಿದೆ, ಸೌದೆಗೆ ಕಾಡಿದೆ. ಹತ್ತಿರದಲ್ಲೇ ಅಲೆಕ್ಸಾಂಡ್ರಿಯಾದ ಪೇಟೆಯಿದೆ. ವರ್ಷಗಳಿಂದ ಇವೆಲ್ಲ ಅಲ್ಲೇ ಇದ್ದವು, ಬಿಡಿಬಿಡಿಯಾಗಿ ಇದ್ದವು. ಅವನ್ನೆಲ್ಲ ಒಂದೇ ಕೆಲಸಕ್ಕೆ ಕೂಡಿಸಬಹುದೆಂದು ಕಂಡದ್ದು ಹೊರಗಿನಿಂದ ಬಂದ ಈ ರೈತನ ಕಣ್ಣಿಗೆ. ಭಟ್ಟಿ ಹೂಡೋಣ ಎಂದು ಯಜಮಾನನಿಗೆ ಹೇಳಿದ. ವಾಷಿಂಗ್ಟನ್ನನಿಗೆ ಈ ಕಸುಬಿನ ಗಂಧ ಗೊತ್ತಿರಲಿಲ್ಲ. ಮೊದಲು ಸಣ್ಣದಾಗಿ ಮಾಡಲು ಒಪ್ಪಿದ. ಪೀಪಾಯಿ ಮಾಡುವ ಕೊಟ್ಟಿಗೆಯಲ್ಲೇ ಎರಡು ಭಟ್ಟಿಗಳನ್ನು ಹೂಡಿ ಆಂಡರ್ಸನ್ ಮಾಡಿ ತೋರಿಸಿದ. ಸರಕು ಬಿಕರಿಯಾಯಿತು. ದೊಡ್ಡದಾಗಿ ಮಾಡೋಣ ಎಂದು ಒತ್ತಾಯಿಸಿದ. ವಾಷಿಂಗ್ಟನ್ 1797ರ ಜೂನ್ ತಿಂಗಳಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ರಮ್ ತಯಾರಿಸುತ್ತಿದ್ದ ತನ್ನ ಗೆಳೆಯ ಜಾನ್ ಫಿಟ್ಜೆರಾಲ್ಡನಿಗೆ ಕಾಗದ ಬರೆದು ಸಲಹೆ ಕೇಳಿದ. ಗೆಳೆಯ ಆಗಬಹುದೆಂದ. ಯಜಮಾನ ಒಪ್ಪಿದ.

ಗಿರಣಿಯ ಪಕ್ಕದಲ್ಲಿ ಕಲ್ಲಿನ ಕಟ್ಟಡ ಎದ್ದಿತು. ಎಪ್ಪತ್ತೈದು ಅಡಿ ಉದ್ದ, ಮೂವತ್ತು ಅಡಿ ಅಗಲ. ಒಳಗೆ ತಾಮ್ರದ ಐದು ಭಟ್ಟಿಗಳು. ಒಟ್ಟು 616 ಗ್ಯಾಲನ್ ಹಿಡಿಸುವಂಥವು. ಸುತ್ತ ಮರದ ತೊಟ್ಟಿಗಳು. ಗಿರಣಿಯ ಕಾಲುವೆಯಿಂದಲೇ ತಣ್ಣೀರು. 1798ರ ವಸಂತದ ಹೊತ್ತಿಗೆ ಎಲ್ಲ ಸಜ್ಜಾಯಿತು. ಆ ಕಾಲದ ಸಾಧಾರಣ ರೈತನ ಮನೆಯ ಹಿತ್ತಿಲಲ್ಲಿ ಒಂದೋ ಎರಡೋ ಭಟ್ಟಿ ಇರುತ್ತಿದ್ದವು, ಅದೂ ಸುಗ್ಗಿ ಮುಗಿದ ಮೇಲೆ ಕೆಲವು ತಿಂಗಳು ಮಾತ್ರ ಉರಿಯುತ್ತಿದ್ದವು. ಆಂಡರ್ಸನ್ನನ ಭಟ್ಟಿಗಳಿಗೆ ವರ್ಷವಿಡೀ ಕೆಲಸ.

ಕೆಲಸದ ಕ್ರಮವನ್ನೂ ಹೇಳಬೇಕು. ನೂರು ಪಾಲು ಧಾನ್ಯದಲ್ಲಿ ಅರವತ್ತು ಪಾಲು ರೈ, ಮೂವತ್ತೈದು ಪಾಲು ಮೆಕ್ಕೆಜೋಳ, ಉಳಿದ ಐದು ಪಾಲು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಮಗುವಿಗೆ ಸರಿ ಮಾಡಲು ನಮ್ಮ ತಾಯಂದಿರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾರಲ್ಲ, ಬಾರ್ಲಿಗೂ ಅದೇ ಉಪಚಾರ. ಮೊಳಕೆಯೊಡೆದ ಕಾಳಿನಲ್ಲಿ ಹಿಟ್ಟನ್ನು ಸಕ್ಕರೆಯಾಗಿಸುವ ಗುಣ ಹುಟ್ಟುತ್ತದೆ. ಆ ಐದು ಪಾಲು ಬಾರ್ಲಿ ಉಳಿದ ತೊಂಬತ್ತೈದು ಪಾಲಿನ ಹಿಟ್ಟನ್ನು ಸಿಹಿಯಾಗಿಸುತ್ತದೆ. ನುಚ್ಚಾಗಿ ಬೀಸಿದ ಧಾನ್ಯಕ್ಕೆ ತೊಟ್ಟಿಯಲ್ಲಿ ಕುದಿನೀರು ಸುರಿದು ಉದ್ದನೆಯ ಕೋಲಿನಿಂದ ಕಲಸಬೇಕು. ಹದವಾಗಿ ಆರಿದ ಮೇಲೆ ಹುದುಗಿಗೆ ಬಿಡಬೇಕು. ಕೆಲವು ದಿನಗಳಲ್ಲಿ ತೊಟ್ಟಿ ನೊರೆಗಟ್ಟಿ ಉಕ್ಕಿ ಮತ್ತೆ ತಣ್ಣಗಾಗುತ್ತದೆ. ಆಮೇಲೆ ಅದನ್ನು ತಾಮ್ರದ ಭಟ್ಟಿಗೆ ಹಾಕಿ ಕಾಯಿಸಬೇಕು. ಮೇಲೆದ್ದ ಆವಿ ಸುರುಳಿ ಕೊಳವೆಯಲ್ಲಿ ಇಳಿಯುತ್ತ ತಣ್ಣೀರಿನ ತೊಟ್ಟಿ ಹಾದು ಹನಿಯಾಗಿ ಬೀಳುತ್ತದೆ. ಬಿದ್ದದ್ದನ್ನು ಇನ್ನೊಂದು ಸಲ ಭಟ್ಟಿ ಇಳಿಸಿದರೆ ವಿಸ್ಕಿ. ಇಂದಿನವರು ಮಾಡುವಂತೆ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುವ ರೂಢಿ ಆಗ ಅಲ್ಲಿರಲಿಲ್ಲ. ಬಣ್ಣವಿಲ್ಲದ, ಖಾರವಾದ ವಿಸ್ಕಿ ಹಾಗೇ ಮಾರಾಟವಾಗುತ್ತಿತ್ತು.

ಹನಿ ಇಳಿಸುವ ಈ ವಿದ್ಯೆ ಮದ್ಯದವರ ಸ್ವತ್ತೇನಲ್ಲ. ಗಾಜೀಪುರದಲ್ಲಿ ಗುಲಾಬಿಯ ಎಸಳನ್ನು ತಾಮ್ರದ ಹಂಡೆಗೆ ಹಾಕಿ, ಇದೇ ಬಗೆಯಲ್ಲಿ ಆವಿಯನ್ನು ತಣಿಸಿ ಗುಲಾಬಿಜಲ ತೆಗೆಯುತ್ತ ಬಂದಿದ್ದಾರೆ. ಮದುವೆ ಮನೆಗಳಲ್ಲಿ ಪನ್ನೀರೆಂದು ಚಿಮುಕಿಸುವುದು ಇಂಥದ್ದನ್ನೇ. ಅದೇ ಸೀಮೆಯ ಹಳ್ಳಿಗಳಲ್ಲಿ ಇಪ್ಪೆ ಹೂವನ್ನು ಹುದುಗಿಸಿ ಸಾರಾಯಿ ಇಳಿಸುವವರೂ ಇದ್ದರು. ಬೆಂಕಿ, ತಾಮ್ರ, ತಣ್ಣೀರು, ಇವುಗಳ ಹದ ಬಲ್ಲ ಕೈ. ಇಷ್ಟೇ ಬೇಕಾದದ್ದು. ಆ ಹದವನ್ನು ಬರೆದು ಕಲಿಸಲಾಗದು. ಪಕ್ಕದಲ್ಲಿ ನಿಂತು ಕಲಿಯಬೇಕು. ಅದಕ್ಕೇ ಕಸುಬು ಬಲ್ಲವನು ಊರು ಬದಲಿಸಿದಾಗ ವಿದ್ಯೆಯೂ ಊರು ಬದಲಿಸುತ್ತದೆ.

1799ರಲ್ಲಿ ಆಂಡರ್ಸನ್ನನ ಭಟ್ಟಿ ಸುಮಾರು 11,000 ಗ್ಯಾಲನ್ ವಿಸ್ಕಿ ಇಳಿಸಿತು. ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರ ಲೀಟರಿಗೂ ಹೆಚ್ಚು. ಅಮೆರಿಕದಲ್ಲೇ ದೊಡ್ಡ ಭಟ್ಟಿಗಳ ಸಾಲಿನಲ್ಲಿ ಅದು ನಿಂತಿತು. ಭಟ್ಟಿಯಲ್ಲಿ ಉಳಿದ ಗಸಿಯೂ ವ್ಯರ್ಥವಾಗಲಿಲ್ಲ. ಅದನ್ನು ಹಂದಿಗಳಿಗೂ ದನಗಳಿಗೂ ಹಾಕುತ್ತಿದ್ದರು. 1798ರಲ್ಲಿ ಮೌಂಟ್ ವರ್ನನ್ನಿಗೆ ಬಂದಿದ್ದ ನಿಯೆಂತ್ಸೆವಿಚ್ ಎಂಬ ಪೋಲೆಂಡಿನ ಬರಹಗಾರ ಅಲ್ಲಿಯ ಹಂದಿಗಳು ಹೊಟ್ಟೆ ಎಳೆಯಲಾರದಷ್ಟು ಕೊಬ್ಬಿದ್ದವೆಂದು ಬರೆದಿದ್ದಾನೆ. ಹೊಲ, ಗಿರಣಿ, ಭಟ್ಟಿ, ಕೊಟ್ಟಿಗೆ ನಾಲ್ಕೂ ಒಂದಕ್ಕೊಂದು ಕೊಟ್ಟುಕೊಂಡು ನಡೆಯುವಂತೆ ಮಾಡಿದ್ದು ಒಬ್ಬ ಒಳ್ಳೆಯ ರೈತನ ಬುದ್ಧಿ.

ಯಜಮಾನನಿಗೂ ಮ್ಯಾನೇಜರನಿಗೂ ಎಲ್ಲ ಸುಗಮವಾಗಿರಲಿಲ್ಲ. ವಾಷಿಂಗ್ಟನ್ ಪ್ರತಿಯೊಂದಕ್ಕೂ ಲೆಕ್ಕ ಕೇಳುವವನು. ಆಂಡರ್ಸನ್ ಒಟ್ಟಿಗೆ ಹತ್ತು ಕೆಲಸ ಮೈಮೇಲೆ ಹಾಕಿಕೊಳ್ಳುವವನು. ಕೆಲಸ ಬಿಟ್ಟು ಹೋಗುತ್ತೇನೆಂದು ಹೇಳಿದ್ದೂ ಉಂಟು. ಆದರೂ ಅವನು ಪ್ರಾಮಾಣಿಕ, ದುಡಿಮೆಗಾರ ಎಂಬುದರಲ್ಲಿ ಯಜಮಾನನಿಗೆ ಸಂಶಯವಿರಲಿಲ್ಲ. ಭಟ್ಟಿಯ ದಿನದಿನದ ಕೆಲಸವನ್ನು ಆಂಡರ್ಸನ್ನನ ಮಗ ಜಾನ್ ನೋಡಿಕೊಳ್ಳುತ್ತಿದ್ದ. ಅಪ್ಪನ ವಿದ್ಯೆ ಹೊಸ ನೆಲದಲ್ಲಿ ಮಗನ ಕೈಗೂ ಬಂದಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಕಥೆ ಸೊಗಸಾಗಿ ಮುಗಿಯುತ್ತದೆ. ಊರು ಬಿಟ್ಟು ಬಂದ, ದುಡಿದ, ಗೆದ್ದ. ಆದರೆ ಇದು ಕಥೆಯ ಅರ್ಧ. ಉಳಿದ ಅರ್ಧವನ್ನು ನಾನು ಹೇಳದಿದ್ದರೆ ಈ ಭಾಷಣವೇ ಸುಳ್ಳಾಗುತ್ತದೆ.

ಆ ಭಟ್ಟಿಯಲ್ಲಿ ಬೆವರು ಸುರಿಸಿದವರು ಆರು ಮಂದಿ. ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ತಿಮೋತಿ. ಆರೂ ಜನ ಗುಲಾಮರು. ಅವರೂ ದೂರದಿಂದ ಬಂದ ಜನರ ಮಕ್ಕಳು. ಅವರ ಹಿರಿಯರನ್ನು ಆಫ್ರಿಕದಿಂದ ಸಂಕೋಲೆ ಹಾಕಿ ಹಡಗಿನಲ್ಲಿ ತುಂಬಿ ತಂದಿದ್ದರು. ಆಂಡರ್ಸನ್ ಸಮುದ್ರ ದಾಟಿದ್ದು ತನ್ನ ಇಷ್ಟದಿಂದ, ಆ ಹಿರಿಯರು ದಾಟಿದ್ದು ಬಲಾತ್ಕಾರದಿಂದ. ಆಂಡರ್ಸನ್ನನಿಗೆ ಸಂಬಳವಿತ್ತು, ಬೇಡವಾದರೆ ಬಿಟ್ಟು ಹೋಗುವ ಸ್ವಾತಂತ್ರ್ಯವಿತ್ತು. ಇವರಿಗೆ ಎರಡೂ ಇರಲಿಲ್ಲ. ನೀರು ಹೊತ್ತವರು, ಸೌದೆ ಒಟ್ಟಿದವರು, ಕುದಿಯುವ ತೊಟ್ಟಿ ಕಲಸಿದವರು, ಬೆಂಕಿಯ ಹದ ಕಾದವರು ಇವರು. ಕೆಲಸದಲ್ಲಿ ಪಳಗಿದ ಕೈ ಇವರದೂ ಆಗಿತ್ತು. 1799ರಲ್ಲಿ ಆ ಎಸ್ಟೇಟಿನಲ್ಲಿ ಮುನ್ನೂರಕ್ಕೂ ಹೆಚ್ಚು ಗುಲಾಮರಿದ್ದರು. ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡಿದವನ ಮನೆಯಲ್ಲೇ ಇದು ನಡೆದಿತ್ತು. ವಾಷಿಂಗ್ಟನ್ ಸಾಯುವ ಮುನ್ನ ತನ್ನ ಸ್ವಂತದ 123 ಮಂದಿಗೆ ಬಿಡುಗಡೆಯಾಗಲಿ ಎಂದು ಉಯಿಲು ಬರೆದ. ಅವರು 1801ರ ಜನವರಿಯಲ್ಲಿ ಬಿಡುಗಡೆ ಕಂಡರು. ಅವನ ಹೆಂಡತಿಯ ಮೊದಲ ಗಂಡನ ಆಸ್ತಿಗೆ ಸೇರಿದವರಿಗೆ ಆ ಭಾಗ್ಯವೂ ಸಿಗಲಿಲ್ಲ.

ಈ ಆರು ಹೆಸರುಗಳು ನಮಗೆ ತಿಳಿದದ್ದು ಹೇಗೆ? ಎಸ್ಟೇಟಿನಲ್ಲಿ ಇಟ್ಟ ಲೆಕ್ಕದ ಪುಸ್ತಕಗಳಿಂದ, ಪಟ್ಟಿಗಳಿಂದ. ಯಾರು ಎಷ್ಟು ಗ್ಯಾಲನ್ ಕೊಂಡರು, ಯಾರು ಹಣ ಕೊಟ್ಟರು, ಯಾರು ಧಾನ್ಯ ಕೊಟ್ಟು ವಿಸ್ಕಿ ಒಯ್ದರು, ಯಾವ ಗುಲಾಮ ಯಾವ ಕೆಲಸಕ್ಕೆ, ಎಲ್ಲವನ್ನೂ ಬರೆದಿಟ್ಟಿದ್ದರು. ಬರೆದವರ ಉದ್ದೇಶ ಈ ಮನುಷ್ಯರನ್ನು ಗೌರವಿಸುವುದಾಗಿರಲಿಲ್ಲ. ಆಸ್ತಿಯ ಎಣಿಕೆ ಅವರಿಗೆ ಬೇಕಿತ್ತು. ಆದರೆ ಬರಹಕ್ಕೆ ಬರೆದವನ ಉದ್ದೇಶವನ್ನು ಮೀರುವ ಶಕ್ತಿಯಿದೆ. 1799ರ ಡಿಸೆಂಬರ್ 14ರಂದು ವಾಷಿಂಗ್ಟನ್ ತೀರಿಕೊಂಡ. ಭಟ್ಟಿಯ ಏಳಿಗೆ ಅಲ್ಲಿಗೆ ಕುಗ್ಗಿತು. 1814ರಲ್ಲಿ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಕಲ್ಲುಗಳನ್ನು ಜನ ಹೊತ್ತುಕೊಂಡು ಹೋದರು, ಮೇಲೆ ಮಣ್ಣು ಕೂತಿತು. ಸುಮಾರು ಎರಡು ಶತಮಾನದ ನಂತರ ಪುರಾತತ್ತ್ವದವರು ಅಗೆದು ಅಡಿಪಾಯ ಹುಡುಕಿದರು. ಭಟ್ಟಿಗಳಿದ್ದ ಜಾಗ ಸುಟ್ಟ ಮಣ್ಣಿನ ಗುರುತಿನಿಂದ ಗೊತ್ತಾಯಿತು. ಯಾವ ಧಾನ್ಯ, ಎಷ್ಟು ಪಾಲು ಎಂಬುದನ್ನು ಲೆಕ್ಕದ ಪುಸ್ತಕ ಹೇಳಿತು. 2007ರಲ್ಲಿ ಅದೇ ಜಾಗದಲ್ಲಿ ಭಟ್ಟಿಮನೆಯನ್ನು ಮತ್ತೆ ಕಟ್ಟಿ ಜನರಿಗೆ ತೆರೆದರು. ಈಗ ಅಲ್ಲಿಗೆ ಹೋದವರು ವಾಷಿಂಗ್ಟನ್ನನ ಹೆಸರಿನ ಜೊತೆಗೆ ಆಂಡರ್ಸನ್ನನ ಹೆಸರನ್ನು, ಆ ಆರು ಜನರ ಹೆಸರನ್ನು ಕೇಳಿ ಬರುತ್ತಾರೆ.

2007ನೆಯ ಇಸವಿ ಕನ್ನಡಿಗರಿಗೂ ನೆನಪಿರಬೇಕಾದದ್ದು. ಆ ವರ್ಷ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಗುತ್ತಿಗೆಯ ಕಾಲದಲ್ಲಿ ಸಂಜೆಯ ಕೂಲಿ ಮನೆ ಮುಟ್ಟುವ ಮೊದಲೇ ಅಂಗಡಿ ಮುಟ್ಟುತ್ತಿತ್ತು. ಅದನ್ನು ಅನುಭವಿಸಿದ ಹೆಣ್ಣುಮಕ್ಕಳು ಹಳ್ಳಿಹಳ್ಳಿಗಳಲ್ಲಿ ಅದರ ವಿರುದ್ಧ ನಿಂತರು. ಮದ್ಯಪಾನ ತಡೆಯಲು ರಾಜ್ಯ ಯತ್ನಿಸಬೇಕೆಂದು ನಮ್ಮ ಸಂವಿಧಾನದ 47ನೆಯ ವಿಧಿ ಹೇಳುತ್ತದೆ. ವಿಸ್ಕಿಯ ಕಸುಬನ್ನು ನಾನು ಮೆಚ್ಚಿ ಮಾತಾಡುವಾಗ ಆ ಹೆಣ್ಣುಮಕ್ಕಳ ನೋವನ್ನು ಮರೆತು ಮಾತಾಡುತ್ತಿಲ್ಲ. ಕೈಯ ವಿದ್ಯೆಗೆ ಗೌರವ ಬೇಕು. ಆ ವಿದ್ಯೆಯ ಫಲ ಯಾರ ಮನೆಯ ಅನ್ನವನ್ನು ಕಸಿಯಿತು ಎಂಬ ಲೆಕ್ಕವೂ ಬೇಕು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕು.

ವಿಸ್ಕಿಯ ಕಸುಬು ನಮ್ಮ ಬೆಂಗಳೂರಿಗೂ ಬಂದು ನೆಲೆ ಕಂಡಿದೆ. ರಾಧಾಕೃಷ್ಣ ಜಗದಾಳೆ ಅವರು 1948ರಲ್ಲಿ ಅಲ್ಲಿ ಅಮೃತ್ ಡಿಸ್ಟಿಲರಿಯನ್ನು ಸ್ಥಾಪಿಸಿದರು. ಅವರ ಮಗ ನೀಲಕಂಠ ರಾವ್ ಜಗದಾಳೆ ಅವರ ಕಾಲದಲ್ಲಿ ಬಾರ್ಲಿಯಿಂದಲೇ ಇಳಿಸಿದ ಸಿಂಗಲ್ ಮಾಲ್ಟ್ ವಿಸ್ಕಿ ತಯಾರಾಯಿತು. 2004ರಲ್ಲಿ ಅದನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಆಂಡರ್ಸನ್ನನ ನಾಡಿಗೇ ಹೋಗಿ, ನೀವು ಲೋಕಕ್ಕೆ ಕಲಿಸಿದ ವಿದ್ಯೆ ನಮಗೂ ಒಲಿದಿದೆ ನೋಡಿ ಎಂದು ತೋರಿಸಿದಂತಾಯಿತು. ಅದರ ಬಾರ್ಲಿ ಬರುವುದು ಪಂಜಾಬ್, ಹರಿಯಾಣ, ರಾಜಸ್ಥಾನಗಳ ಹೊಲಗಳಿಂದ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ ಎರಡು ಪಾಲು ಆವಿಯಾದರೆ ಬೆಂಗಳೂರಿನ ಹವೆಯಲ್ಲಿ ಹತ್ತು ಪಾಲಿಗೂ ಮಿಕ್ಕಿ ಆವಿಯಾಗುತ್ತದೆ. ಅಲ್ಲಿ ಹತ್ತಾರು ವರ್ಷದಲ್ಲಿ ಬರುವ ಹದ ಇಲ್ಲಿ ಕೆಲವೇ ವರ್ಷಗಳಲ್ಲಿ ಬರುತ್ತದೆ. ಕಸುಬು ಊರು ಬದಲಿಸಿದರೆ ಊರೂ ಕಸುಬನ್ನು ಬದಲಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. 2010ರ ಸಾಲಿನ ತನ್ನ ವಿಸ್ಕಿ ಕೈಪಿಡಿಯಲ್ಲಿ ಇಂಗ್ಲೆಂಡಿನ ವಿಮರ್ಶಕ ಜಿಮ್ ಮರ್ರೆ ಅಮೃತ್ ಫ್ಯೂಷನ್ ಅನ್ನು ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟ. ಭಾರತದ ಬಾರ್ಲಿಯನ್ನೂ ಸ್ಕಾಟ್ಲೆಂಡಿನ ಬಾರ್ಲಿಯನ್ನೂ ಕೂಡಿಸಿ ಮಾಡಿದ ವಿಸ್ಕಿ ಅದು. ಸ್ಥಾಪಕರ ಹೆಸರು ನಮಗೆ ಗೊತ್ತಿದೆ, ವಿಮರ್ಶಕನ ಹೆಸರು ಗೊತ್ತಿದೆ. ರಾಜಸ್ಥಾನದ ಬಿಸಿಲಲ್ಲಿ ಆ ಬಾರ್ಲಿ ಕೊಯ್ದ ರೈತನ ಹೆಸರು ಎಲ್ಲಿದೆ?

ಇದೇ ಪ್ರಶ್ನೆಯನ್ನು ಗೋದೌಲಿಯಾದಲ್ಲೂ ಕೇಳಬೇಕು. ಮದನಪುರದ ಮಗ್ಗಗಳಲ್ಲಿ ನೇಯ್ದ ಸೀರೆ ಕರ್ನಾಟಕದ ಎಷ್ಟು ಮದುವೆಗಳಲ್ಲಿ ಮಿಂಚಿಲ್ಲ! ಸೀರೆಗೆ ಬನಾರಸಿನ ಹೆಸರಿದೆ, ಮಾರಿದ ಅಂಗಡಿಯ ಹೆಸರಿದೆ. ತಿಂಗಳುಗಟ್ಟಲೆ ಮಗ್ಗದ ಗುಳಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯ್ದವನ ಹೆಸರಿಲ್ಲ. ಅಹಲ್ಯಾಬಾಯಿಯ ಗುಡಿಗೆ ಕಲ್ಲು ಕೆತ್ತಿದವರ ಹೆಸರಿಲ್ಲ. ಘಾಟುಗಳ ಮೆಟ್ಟಿಲು ಕಟ್ಟಿಸಿದ ರಾಜರ ಹೆಸರಿದೆ, ಕಟ್ಟಿದವರ ಹೆಸರಿಲ್ಲ.

ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಗೋದೌಲಿಯಾದಲ್ಲೇ ಉತ್ತರವಿದೆ. ಜಂಗಮವಾಡಿ ಮಠ ಅಕ್ಬರ್, ಜಹಾಂಗೀರ್, ಶಾಹಜಹಾನ್, ಔರಂಗಜೇಬರ ಕಾಲದ ಫರ್ಮಾನುಗಳನ್ನು ಜೋಪಾನ ಮಾಡಿಕೊಂಡು ಬಂದಿದೆ. ಜಂಗಮರಿಗೆ ಕೊಟ್ಟ ಭೂಮಿ ಅವರಿಗೇ ಸೇರಬೇಕು, ಯಾರೂ ಅಡ್ಡಿ ಮಾಡಕೂಡದು ಎನ್ನುವ ಕಾಗದಗಳು ಅವು. ಎಷ್ಟು ದೊರೆಗಳು ಬಂದು ಹೋದರು, ಎಷ್ಟು ಗಲಭೆಗಳು ನಡೆದವು. ಕಾಗದ ಉಳಿಯಿತು. ದೂರದಿಂದ ಬಂದು ಇಲ್ಲಿ ನೆಲೆನಿಂತ ಒಂದು ಸಮುದಾಯದ ಹಕ್ಕೂ ಚರಿತ್ರೆಯೂ ಆ ಕಾಗದದ ಜೊತೆ ಉಳಿದವು.

ಆದ್ದರಿಂದ ಕೇಳುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆತನದಲ್ಲೂ ಯಾರೋ ಒಬ್ಬರು ಊರು ಬಿಟ್ಟು ಬಂದಿರುತ್ತಾರೆ. ಬಯಲುಸೀಮೆಯಿಂದ ಮಲೆನಾಡಿನ ತೋಟಕ್ಕೆ, ಕರಾವಳಿಯಿಂದ ಮುಂಬಯಿಯ ಹೋಟೆಲಿಗೆ, ಬಿಜಾಪುರದ ಕಡೆಯಿಂದ ಗೋವೆಯ ಕಟ್ಟಡದ ಕೆಲಸಕ್ಕೆ. ಅವರು ಯಾವ ವಿದ್ಯೆ ಹೊತ್ತು ಹೋದರು, ಯಾರ ಹತ್ತಿರ ಕಲಿತಿದ್ದರು, ಯಾರಿಗೆ ಕಲಿಸಿದರು, ಜೊತೆಗೆ ದುಡಿದವರು ಯಾರು, ಕೇಳಿ ಬರೆದಿಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ. ತೋಟದ ಹೆಸರು, ಹೋಟೆಲಿನ ಹೆಸರು ಹೇಗೂ ಉಳಿಯುತ್ತವೆ. ಆಳುಗಳ ಹೆಸರನ್ನು, ಅಡಿಗೆಯವರ ಹೆಸರನ್ನು, ಗಾರೆ ಕಲಸಿದವರ ಹೆಸರನ್ನು ನೀವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ. ನಾಳೆ ನಿಮ್ಮ ಮೊಮ್ಮಗಳು ಆ ಪುಸ್ತಕ ತೆರೆದರೆ, ತನ್ನ ಮನೆ ಯಾರ ಯಾರ ದುಡಿಮೆಯ ಮೇಲೆ ನಿಂತಿದೆ ಎಂದು ಅವಳಿಗೆ ಹೆಸರು ಹಿಡಿದು ಗೊತ್ತಾಗಬೇಕು.